ವೈರ್ ಕಿತ್ತರೆ ಕಂಪ್ಯೂಟರ್ ಯಾಕೆ ಸಾಯಬೇಕು?

ಯುಎಸ್‌ಬಿ ಲ್ಯಾನ್ ಡಾಂಗಲ್, ಅಂದರೆ ಯುಎಸ್‌ಬಿಗೆ ಸಿಕ್ಕಿಸಿ ನೆಟ್‌ವರ್ಕ್ ಕೇಬಲ್ ಹಾಕಿಕೊಳ್ಳುವ ಪುಟ್ಟ ಸಾಧನ, ಕಿತ್ತರೆ ಇಂಟರ್ನೆಟ್ ಹೋಗಬೇಕು. ಅಷ್ಟೇ ಆಗಬೇಕಾದದ್ದು. ಆದರೆ ಕೆಲವು ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಡಾಂಗಲ್ ಕಿತ್ತ ತಕ್ಷಣ ಮೌಸ್ ನಿಂತುಹೋಗುತ್ತದೆ, ಪರದೆ ಇದ್ದ ಹಾಗೇ ಇರುತ್ತದೆ, ಹಳೇ ಪಿಎಸ್/2 ಕೀಬೋರ್ಡ್ ಇದ್ದರೆ ಅದರ ದೀಪಗಳು ಮಿಣಮಿಣ ಅನ್ನೋಕೆ ಶುರು ಮಾಡುತ್ತವೆ. ಪವರ್ ಬಟನ್ ಒತ್ತಿ ಹಿಡಿಯೋದು ಬಿಟ್ಟರೆ ಬೇರೆ ದಾರಿ ಇಲ್ಲ. ಇನ್ನು ಕೆಲವು ಸಲ ಆ ಗಳಿಗೆಯಲ್ಲಿ ಏನೂ ಆಗಲ್ಲ. ಸುಮಾರು ಹೊತ್ತು ಬಿಟ್ಟು, ನೆಟ್‌ವರ್ಕ್‌ಗೆ ಸಂಬಂಧವೇ ಇಲ್ಲದ ಯಾವುದೋ ಪ್ರೋಗ್ರಾಂ ಬಿದ್ದುಹೋಗುತ್ತದೆ. ಇದು ಇನ್ನೂ ಕೆಟ್ಟದ್ದು. ಯಾಕೆಂದರೆ ಆಗ ಯಾರಿಗೂ ಡಾಂಗಲ್ ಮೇಲೆ ಅನುಮಾನವೇ ಬರಲ್ಲ.

ನಮ್ಮ ದಾವಣಗೆರೆಯಲ್ಲಿ ಇಂಥ ಡಾಂಗಲ್‌ಗಳು ಜಾಸ್ತಿ ಕಣ್ಣಿಗೆ ಬೀಳೋದಕ್ಕೆ ಒಂದು ಕಾರಣ ಇದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಸಿಡಿಲು ಶುರುವಾದರೆ, ಹೊರಗಿನ ಕೇಬಲ್ ಹಿಡಿದು ಬರುವ ಸರ್ಜ್‌ಗೆ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಸುಟ್ಟುಹೋಗುತ್ತದೆ. ಅದೊಂದಕ್ಕೋಸ್ಕರ ಇಡೀ ಬೋರ್ಡ್ ಯಾಕೆ ಬದಲಾಯಿಸಬೇಕು ಅಂತ ರಿಪೇರಿಯವರು ಒಂದು ಡಾಂಗಲ್ ಸಿಕ್ಕಿಸಿ ಕಳಿಸುತ್ತಾರೆ. ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿ ಇರಲಿ, ಪಿ.ಜೆ. ಬಡಾವಣೆಯ ಜೆರಾಕ್ಸ್ ಅಂಗಡಿ ಇರಲಿ, ಬಿಲ್ಲಿಂಗ್ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದರೆ ಅದು ನೇತಾಡುತ್ತಾ ಇರುತ್ತದೆ. ಇದರ ಜೊತೆಗೆ ಕರೆಂಟ್ ಹೋದಾಗ ರೂಟರ್ ಆಫ್ ಆಗಿ, ಫೋನನ್ನು ಯುಎಸ್‌ಬಿ ಟೆಥರಿಂಗ್‌ಗೆ ಸಿಕ್ಕಿಸೋದು ಬೇರೆ. ಆ ಫೋನ್ ಕೂಡ ಕಂಪ್ಯೂಟರ್ ಲೆಕ್ಕದಲ್ಲಿ ಒಂದು ನೆಟ್‌ವರ್ಕ್ ಕಾರ್ಡೇ. ಕಾಲ್ ಬಂತು ಅಂತ ಅದನ್ನು ಸರಕ್ಕನೆ ಕೀಳದವರು ಯಾರಿದ್ದಾರೆ?

ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಪ್ರಾಜೆಕ್ಟ್ ಅಂತ ಆಗಾಗ ನನ್ನ ಹತ್ತಿರ ಬರುತ್ತಾರೆ. ಅವರಲ್ಲೊಬ್ಬ, "ಅಣ್ಣಾ, ಹಾರ್ಡ್‌ವೇರೇ ಇಲ್ಲ ಅಂದ್ಮೇಲೆ ಡ್ರೈವರ್ ಅದನ್ನ ಹುಡುಕಿಕೊಂಡು ಹೋಗಿ ಕ್ರ್ಯಾಶ್ ಆಗುತ್ತೆ, ಅಲ್ವಾ? ಒಂದು ನಲ್ ಚೆಕ್ ಹಾಕಿದ್ರೆ ಮುಗೀತು" ಅಂದ. ಡ್ರೈವರ್ ಅಂದರೆ ಒಂದು ಹಾರ್ಡ್‌ವೇರನ್ನು ನಡೆಸುವ ಸಾಫ್ಟ್‌ವೇರ್, ನಲ್ ಚೆಕ್ ಅಂದರೆ ಮೆಮೊರಿಯ ಅಡ್ರೆಸ್ ಖಾಲಿ ಇದೆಯಾ ಅಂತ ಬಳಸುವ ಮೊದಲು ನೋಡೋದು. ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. "ಇಲ್ಲಪ್ಪಾ, ಹಾರ್ಡ್‌ವೇರ್ ಹೋಗಿದ್ದು ಬರೀ ನೆಪ" ಅಂದೆ. ಬಹುತೇಕ ಕ್ರ್ಯಾಶ್‌ಗಳಲ್ಲಿ ಡ್ರೈವರ್ ತಾನೇ ಬಿಟ್ಟುಕೊಟ್ಟ ಮೆಮೊರಿಯನ್ನು ತಾನೇ ಮತ್ತೆ ಮುಟ್ಟಿ ಸಾಯುತ್ತದೆ. ನಲ್ ಚೆಕ್ ಅದಕ್ಕೆ ಮದ್ದಲ್ಲ. ಯಾಕೆ ಅಂತ ನೋಡಬೇಕಾದರೆ ಸ್ವಲ್ಪ ಒಳಗೆ ಇಳಿಯಬೇಕು.

ಕಿತ್ತ ಮೇಲೆ ನಡೆಯೋದು

ಡಾಂಗಲ್ ಕಿತ್ತ ಗಳಿಗೆಯಲ್ಲೇ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳು ಭಾಗಕ್ಕೆ, ಸುದ್ದಿ ಮುಟ್ಟಲ್ಲ. ಮೊದಲು ಗೊತ್ತಾಗೋದು ಪೋರ್ಟ್‌ಗಳನ್ನು ನೋಡಿಕೊಳ್ಳುವ ಯುಎಸ್‌ಬಿ ಹಬ್‌ಗೆ. ಪೋರ್ಟ್ ಖಾಲಿಯಾಗಿದೆ ಅಂತ ಹಬ್ ತನ್ನಲ್ಲಿ ಗುರುತು ಮಾಡಿಕೊಳ್ಳುತ್ತದೆ. ಆದರೆ ಯುಎಸ್‌ಬಿ 2.0ದಲ್ಲಿ ಹಬ್ ತಾನಾಗಿ ಹೇಳಲ್ಲ, ಕೇಳಿದಾಗ ಮಾತ್ರ ಹೇಳುತ್ತದೆ. ಹೊರಗಿನಿಂದ ಹಾಕುವ ಹಬ್‌ಗಳಲ್ಲಿ ಈ ಕೇಳುವ ಅಂತರ ಸಾಮಾನ್ಯವಾಗಿ 256 ಮಿಲಿಸೆಕೆಂಡ್, ಅಂದರೆ ಕಾಲು ಸೆಕೆಂಡ್. ಆಮೇಲೆ ಕರ್ನಲ್‌ನ ಹಬ್ ವರ್ಕರ್ ಎದ್ದು, ಡಿವೈಸ್ ಇನ್ನಿಲ್ಲ ಅಂತ ಬರೆದುಕೊಂಡು, ಲಾಗ್‌ನಲ್ಲಿ 'ಯುಎಸ್‌ಬಿ ಡಿಸ್ಕನೆಕ್ಟ್, ಡಿವೈಸ್ ನಂಬರ್ 5' ಅನ್ನೋ ಥರದ ಒಂದು ಸಾಲು ಹಾಕಿ, ಕೊನೆಗೆ ಡ್ರೈವರ್‌ನ ಡಿಸ್ಕನೆಕ್ಟ್ ಫಂಕ್ಷನ್ ಕರೆಯುತ್ತದೆ.

ಕಾಲು ಸೆಕೆಂಡ್ ನಮಗೆ ಲೆಕ್ಕಕ್ಕಿಲ್ಲ. ಡ್ರೈವರ್‌ಗೆ ಅದು ಬಹಳ ಹೊತ್ತು. 100 ಮೆಗಾಬಿಟ್ ಲೈನಿನಲ್ಲಿ ಪೂರ್ತಿ ಗಾತ್ರದ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 8,000 ಹೋಗಬಹುದು. ಅಂದರೆ ಹಾರ್ಡ್‌ವೇರ್ ಹೋಗಿ, ಆ ವಿಷಯ ಡ್ರೈವರ್‌ಗೆ ತಿಳಿಯುವ ಮೊದಲೇ 2,000 ಪ್ಯಾಕೆಟ್ ಅದರ ಕೈಗೆ ಬಂದಿರಬಹುದು. ಈ ಅವಧಿಯಲ್ಲಿ ಯುಆರ್‌ಬಿಗಳು, ಅಂದರೆ ಯುಎಸ್‌ಬಿಯಲ್ಲಿ ಡೇಟಾ ಕಳಿಸೋಕೆ ತರಿಸೋಕೆ ಬಳಸುವ ರಿಕ್ವೆಸ್ಟ್‌ಗಳು, ಒಂದೊಂದಾಗಿ ಎರರ್ ಹೊತ್ತು ವಾಪಸ್ ಬರುತ್ತವೆ. ಲಾಗ್‌ನಲ್ಲಿ ಮೈನಸ್ 71 ನೋಡಿದ್ದರೆ ಅದು ಇದೇ, ಪ್ರೋಟೋಕಾಲ್ ಎರರ್. ಎದುರಿಗೆ ಉತ್ತರ ಕೊಡೋಕೆ ಯಾರೂ ಇಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಸುಮಾರಾಗಿ ಬರೆದ ಡ್ರೈವರ್ ಏನು ಮಾಡುತ್ತದೆ ಅಂದರೆ, ಎರರ್ ಬಂದ ಯುಆರ್‌ಬಿಯನ್ನು ಅಲ್ಲೇ ಮತ್ತೆ ಸಲ್ಲಿಸುತ್ತದೆ, ಮತ್ತೆ ಎರರ್, ಮತ್ತೆ ಸಲ್ಲಿಕೆ. ಲಾಗ್ ಪೂರ್ತಿ ಅದೇ ಸಾಲು ತುಂಬಿಕೊಳ್ಳುತ್ತದೆ. ಮೈನಸ್ 71 ಬಂದರೆ ಸ್ವಲ್ಪ ತಡೆದು ಸಲ್ಲಿಸಬೇಕು. ಮೈನಸ್ 108 ಅಥವಾ ಮೈನಸ್ 19 ಬಂದರೆ ಡಿವೈಸ್ ಹೋಯಿತು ಅಂತಲೇ ಅರ್ಥ, ಆಗ ಸುಮ್ನೆ ಬಿಟ್ಟುಬಿಡಬೇಕು.

ಇದೇ ಅವಧಿಯಲ್ಲಿ ಇನ್ನೊಂದು ತಪ್ಪೂ ಆಗುತ್ತದೆ. ಡ್ರೈವರ್ ಚಿಪ್‌ನ ಒಂದು ರಿಜಿಸ್ಟರ್, ಅಂದರೆ ಚಿಪ್ ತನ್ನ ಸ್ಥಿತಿ ಇಟ್ಟುಕೊಳ್ಳುವ ಪುಟ್ಟ ಜಾಗ, ಓದೋಕೆ ಹೋಗುತ್ತದೆ, ಓದು ಫೇಲ್ ಆಗುತ್ತದೆ, ಆದರೆ ಫೇಲ್ ಆಯಿತಾ ಅಂತ ಡ್ರೈವರ್ ನೋಡೋದೇ ಇಲ್ಲ. ಬಫರ್‌ನಲ್ಲಿ ಮೊದಲೇ ಇದ್ದ ಕಸವನ್ನೇ ಚಿಪ್ ಕೊಟ್ಟ ಉತ್ತರ ಅಂದುಕೊಂಡು ಮುಂದೆ ಹೋಗುತ್ತದೆ. ಇಂಥ ಕಡೆ ರಿಟರ್ನ್ ವ್ಯಾಲ್ಯೂ ನೋಡಿದರೆ ಸಾಕು, ಸಮಸ್ಯೆ ಮುಗಿಯಿತು. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳೋಕೆ ಏನೂ ಇಲ್ಲ. ನಿಜವಾದ ತಲೆನೋವು ಡಿಸ್ಕನೆಕ್ಟ್ ಫಂಕ್ಷನ್ ಓಡೋಕೆ ಶುರುವಾದ ಮೇಲೆ ಇದೆ.

ಒಂದೇ ಡ್ರೈವರ್, ಐದಾರು ಕಡೆ ಓಟ

ಡ್ರೈವರ್ ಅಂದರೆ ಮೇಲಿಂದ ಕೆಳಗೆ ಸಾಲಾಗಿ ಓಡುವ ಪ್ರೋಗ್ರಾಂ ಅಂದುಕೊಂಡರೆ ಇಲ್ಲಿ ಏನೂ ಅರ್ಥವಾಗಲ್ಲ. ಒಂದು ಸಿಪಿಯು ಕೋರ್‌ನಲ್ಲಿ ಕರ್ನಲ್‌ನ ನೆಟ್‌ವರ್ಕ್ ಭಾಗ ಪ್ಯಾಕೆಟ್ ಕಳಿಸು ಅಂತ ಡ್ರೈವರ್ ಕೋಡನ್ನು ಕರೆದಿರುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೋರ್‌ನಲ್ಲಿ ಯುಆರ್‌ಬಿ ಮುಗಿದಾಗ ಓಡುವ ಕಂಪ್ಲೀಷನ್ ಹ್ಯಾಂಡ್ಲರ್ ಇರುತ್ತದೆ. ಒಂದು ಟೈಮರ್ ಇರುತ್ತದೆ. ವರ್ಕ್ ಕ್ಯೂನಲ್ಲಿ ಒಂದು ಕೆಲಸ ಇರುತ್ತದೆ. ಯುಎಸ್‌ಬಿ ಕಂಟ್ರೋಲ್ ಮೆಸೇಜ್ ಕಳಿಸುವಾಗ ಉತ್ತರಕ್ಕೆ ಕಾಯಬೇಕು, ಹಾರ್ಡ್‌ವೇರ್ ಕರೆದಾಗ ತಕ್ಷಣ ಓಡುವ ಇಂಟರಪ್ಟ್ ಕೋಡ್ ಒಳಗೆ ಕಾಯೋ ಹಾಗಿಲ್ಲ, ಅದಕ್ಕೇ 'ಆಮೇಲೆ ಮಾಡು' ಅಂತ ಅಲ್ಲಿಗೆ ಹಾಕಿರುತ್ತಾರೆ. ಇದರ ಮೇಲೆ ನೆಟ್‌ವರ್ಕ್ ಮ್ಯಾನೇಜರ್, ಈಥ್‌ಟೂಲ್ ಥರದ ಪ್ರೋಗ್ರಾಂಗಳು ಹೊರಗಿನಿಂದ ಬಂದು ಲಿಂಕ್ ಇದೆಯಾ, ಸ್ಪೀಡ್ ಎಷ್ಟು ಅಂತ ಕೇಳುತ್ತಾ ಇರುತ್ತವೆ.

ಇವೆಲ್ಲ ಮುಟ್ಟೋದು ಒಂದೇ ಮೆಮೊರಿಯನ್ನು. ಲಿನಕ್ಸ್‌ನಲ್ಲಿ ಪ್ರತಿ ನೆಟ್‌ವರ್ಕ್ ಇಂಟರ್ಫೇಸಿಗೂ ಒಂದು ನೆಟ್‌ಡಿವೈಸ್ ಸ್ಟ್ರಕ್ಚರ್ ಇರುತ್ತದೆ, ಡ್ರೈವರ್‌ನ ಸ್ವಂತ ಡೇಟಾ ಕೂಡ ಅದಕ್ಕೇ ಅಂಟಿಕೊಂಡು ಒಂದೇ ತುಂಡಾಗಿ ಬರುತ್ತದೆ. ಮೆಮೊರಿ ಬಿಟ್ಟುಕೊಡುವ ಫ್ರೀ ನೆಟ್‌ಡೆವ್ ಫಂಕ್ಷನ್ ಕರೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಎಷ್ಟೋ ಡ್ರೈವರ್‌ಗಳಲ್ಲಿ ಈ ಒಂದು ಸಂಗತಿಯನ್ನೇ ಮರೆತು, ಫ್ರೀ ನೆಟ್‌ಡೆವ್ ಆದ ಮುಂದಿನ ಸಾಲಿನಲ್ಲೇ ತಮ್ಮ ಡೇಟಾದೊಳಗಿನ ಏನನ್ನೋ ಮುಟ್ಟಿದ್ದಾರೆ. ಎರಡು ಸಾಲು ಅದಲುಬದಲು ಮಾಡಿದರೆ ಸರಿಹೋಗುವ ಬಗ್.

ಫ್ರೀ ಆದ ಮೆಮೊರಿ ಖಾಲಿ ಬಿದ್ದಿರಲ್ಲ. ಕರ್ನಲ್ ಅದನ್ನು ಕೂಡಲೇ ಇನ್ಯಾರಿಗೋ ಕೊಡಬಹುದು. ಒಂದು ಫೈಲಿನ ವಿವರಕ್ಕೋ, ಇನ್ಯಾವುದೋ ಪ್ರೋಗ್ರಾಂ ತೆರೆದ ಸಾಕೆಟ್‌ಗೋ. ಅಷ್ಟು ಹೊತ್ತಿಗೆ ನಮ್ಮ ಟೈಮರ್ ಎದ್ದು, ತನ್ನ ಡೇಟಾ ಇನ್ನೂ ಅಲ್ಲೇ ಇದೆ ಅಂತ ಒಂದು ಕೌಂಟರ್ ಹೆಚ್ಚಿಸುತ್ತದೆ. ಬೇರೆಯವರ ಡೇಟಾ ಹಾಳಾಯಿತು. ಆಗಲೇ ಹೇಳಿದೆನಲ್ಲ, ಸಂಬಂಧವೇ ಇಲ್ಲದ ಪ್ರೋಗ್ರಾಂ ಆಮೇಲೆ ಬೀಳುತ್ತದೆ ಅಂತ. ಅದು ಹೀಗೆ. ಕಿತ್ತ ಕೂಡಲೇ ಕ್ರ್ಯಾಶ್ ಆದರೆ ಅದೃಷ್ಟ ಅಂತಲೇ ನಾನು ಹೇಳೋದು, ಕಳ್ಳ ಸ್ಥಳದಲ್ಲೇ ಸಿಕ್ಕಿಬಿದ್ದ.

ಈಗ ನಲ್ ಚೆಕ್ ವಿಷಯ. ಪಾಯಿಂಟರ್, ಅಂದರೆ ಮೆಮೊರಿಯ ಅಡ್ರೆಸ್ ಹಿಡಿದಿಡುವ ವೇರಿಯಬಲ್, ಮೆಮೊರಿ ಫ್ರೀ ಆದರೂ ತಾನಾಗಿ ನಲ್ ಆಗಲ್ಲ, ಅದು ಹಳೇ ಅಡ್ರೆಸ್ಸನ್ನೇ ಹಿಡಿದುಕೊಂಡಿರುತ್ತದೆ. ಸರಿ, ಡಿಸ್ಕನೆಕ್ಟ್‌ನಲ್ಲಿ ನಾವೇ ನಲ್ ಮಾಡೋಣ ಅಂತೀರಿ. ಆಗಲೂ, ಇನ್ನೊಂದು ಕೋರ್ ಆ ಪಾಯಿಂಟರ್ ನೋಡಿ, ನಲ್ ಅಲ್ಲ ಅಂತ ಖಾತ್ರಿ ಮಾಡಿಕೊಂಡು, ಮುಂದಿನ ಸಾಲಿಗೆ ಹೋಗೋದರೊಳಗೆ ನೀವು ಫ್ರೀ ಮಾಡಿಬಿಟ್ಟಿರುತ್ತೀರಿ. ಚೆಕ್ ಮಾಡೋದು ಒಂದು ಹೆಜ್ಜೆ, ಬಳಸೋದು ಇನ್ನೊಂದು ಹೆಜ್ಜೆ. ನಡುವೆ ಜಾಗ ಇದ್ದೇ ಇದೆ. ಕೆಲವರು ಡಿಸ್ಕನೆಕ್ಟ್ ಒಳಗೆ 100 ಮಿಲಿಸೆಕೆಂಡ್ ನಿದ್ದೆ ಹಾಕುತ್ತಾರೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಅಂತ. ನನಗೆ ಇದನ್ನು ಕಂಡರೆ ಆಗಲ್ಲ. ಅದರಿಂದ ಬಗ್ ಹೋಗಲ್ಲ, ಕೈಗೆ ಸಿಗೋದು ಕಡಿಮೆಯಾಗುತ್ತದೆ. ನಿಮ್ಮ ಟೇಬಲ್ ಮೇಲೆ ಸಿಗಲ್ಲ, ಗಿರಾಕಿಯ ಅಂಗಡಿಯಲ್ಲಿ ಸಿಗುತ್ತದೆ.

ನಿಲ್ಲು ಅನ್ನೋದು ಬೇರೆ, ನಿಲ್ಲೋವರೆಗೂ ಕಾಯೋದು ಬೇರೆ

ಖಾನಾವಳಿ ಮುಚ್ಚೋದನ್ನು ನೋಡಿದ್ದೀರಲ್ಲ. ಮೊದಲು ಅರ್ಧ ಶಟರ್ ಎಳೆಯುತ್ತಾರೆ, ಹೊಸಬರು ಒಳಗೆ ಬರಬಾರದು. ಊಟಕ್ಕೆ ಕೂತವರನ್ನು ಎಬ್ಬಿಸಲ್ಲ, ಅವರು ಮುಗಿಸೋವರೆಗೂ ಕಾಯುತ್ತಾರೆ. ಆಮೇಲೆ ಒಲೆ ಆರಿಸಿ, ಪಾತ್ರೆ ತೊಳೆದು, ದೀಪ ಆರಿಸಿ, ಬೀಗ. ಡ್ರೈವರ್ ಬಿಚ್ಚೋದೂ ಇದೇ ಕ್ರಮ. ಹೊಸ ಕೆಲಸ ಬರೋ ಬಾಗಿಲು ಮುಚ್ಚು, ನಡೀತಾ ಇರೋ ಕೆಲಸ ಮುಗಿಯೋವರೆಗೂ ಕಾಯಿ, ಕೊನೆಗೆ ಮೆಮೊರಿ ಬಿಡು.

ಕ್ರಮ ಸುಲಭವಾಗಿ ಕಾಣುತ್ತದೆ, ಎಡವೋದು ಎರಡನೇ ಹೆಜ್ಜೆಯಲ್ಲಿ. ಕರ್ನಲ್‌ನಲ್ಲಿ ಬಹುತೇಕ ಪ್ರತಿ ಕೆಲಸ ನಿಲ್ಲಿಸೋಕೂ ಎರಡು ಥರದ ಫಂಕ್ಷನ್ ಇವೆ. ಒಂದು ಥರದ್ದು ನಿಲ್ಲು ಅಂತ ಹೇಳಿ ವಾಪಸ್ ಬಂದುಬಿಡುತ್ತದೆ. ಇನ್ನೊಂದು ಥರದ್ದು ಆ ಕೆಲಸ ಪೂರ್ತಿ ನಿಂತ ಮೇಲೇ ವಾಪಸ್ ಬರುತ್ತದೆ. ಕ್ಯಾನ್ಸಲ್ ವರ್ಕ್ ಮೊದಲನೇ ಥರ, ಕ್ಯಾನ್ಸಲ್ ವರ್ಕ್ ಸಿಂಕ್ ಎರಡನೇ ಥರ. ಯುಆರ್‌ಬಿ ಅನ್‌ಲಿಂಕ್ ಮಾಡಿದರೆ ಮೊದಲನೇದು, ಕಿಲ್ ಮಾಡಿದರೆ ಎರಡನೇದು. ನೆಟಿಫ್ ಸ್ಟಾಪ್ ಕ್ಯೂ ಬರೀ ಒಂದು ಬಾವುಟ ಏರಿಸುತ್ತದೆ, ಪಕ್ಕದ ಕೋರ್‌ನಲ್ಲಿ ಆಗಲೇ ಪ್ಯಾಕೆಟ್ ಕಳಿಸುತ್ತಿರುವವರನ್ನು ಅದು ಕೇಳಲ್ಲ. ನೆಟಿಫ್ ಟಿಎಕ್ಸ್ ಡಿಸೇಬಲ್ ಹಾಗಲ್ಲ, ಅದು ಒಮ್ಮೆಗೆ ಒಬ್ಬರಿಗೇ ಸಿಗುವ ಲಾಕ್ ಹಿಡಿದು, ಅವರು ಹೊರಗೆ ಬರೋವರೆಗೂ ನಿಲ್ಲುತ್ತದೆ. ಡಿಸ್ಕನೆಕ್ಟ್ ಕೋಡ್ ನೋಡುವಾಗ ನಾನು ಮೊದಲು ಹುಡುಕೋದು ಇದನ್ನೇ. ಮೆಮೊರಿ ಫ್ರೀ ಮಾಡುವ ಮೊದಲು ಎಲ್ಲಾದರೂ ಕಾಯದೇ ಇರುವ ಥರದ್ದು ಕಂಡರೆ, ಅರ್ಧ ಬಗ್ ಅಲ್ಲೇ ಸಿಕ್ಕಿದ ಹಾಗೆ.

ಯುಎಸ್‌ಬಿ ನೆಟ್‌ವರ್ಕ್ ಡ್ರೈವರ್‌ಗೆ ಬರೆಯೋದಾದರೆ ಹೀಗೆ. ಮೊದಲು 'ಹೊರಟಿದ್ದೇನೆ' ಅನ್ನೋ ಒಂದು ಫ್ಲ್ಯಾಗ್ ಹಾಕಬೇಕು. ಆಮೇಲೆ ಅನ್‌ರಿಜಿಸ್ಟರ್ ನೆಟ್‌ಡೆವ್. ಇದು ಇಂಟರ್ಫೇಸ್ ಓಡುತ್ತಿದ್ದರೆ ಡ್ರೈವರ್‌ನ ಸ್ಟಾಪ್ ಫಂಕ್ಷನ್ ಕರೆಯುತ್ತದೆ, ಹೊರಗಿನ ಪ್ರೋಗ್ರಾಂಗಳ ಕಣ್ಣಿಂದ ಅದನ್ನು ಮರೆ ಮಾಡುತ್ತದೆ, ಮತ್ತು ಯಾರ್ಯಾರು ಅದನ್ನು ಹಿಡಿದುಕೊಂಡಿದ್ದಾರೋ ಅವರು ಬಿಡೋವರೆಗೂ ಕಾಯುತ್ತದೆ. ನಂತರ ವರ್ಕ್, ಟೈಮರ್, ಯುಆರ್‌ಬಿಗಳನ್ನು ಕಾಯುವ ಥರದ ಫಂಕ್ಷನ್‌ಗಳಿಂದಲೇ ನಿಲ್ಲಿಸಬೇಕು. ಫ್ರೀ ನೆಟ್‌ಡೆವ್ ಎಲ್ಲಕ್ಕಿಂತ ಕೊನೆಗೆ. ಶುರುವಿನಲ್ಲಿ ಪ್ರೋಬ್ ಮಾಡುವಾಗ, ಅಂದರೆ ಡಾಂಗಲ್ ಸಿಕ್ಕಿಸಿ ಡ್ರೈವರ್ ಕೂರುವಾಗ, ಇದರ ತಿರುಗುಮುರುಗು. ಎಲ್ಲ ಸಿದ್ಧವಾದ ಮೇಲೇ ನೆಟ್‌ಡಿವೈಸನ್ನು ಕರ್ನಲ್‌ನಲ್ಲಿ ರಿಜಿಸ್ಟರ್ ಮಾಡಬೇಕು, ಯಾಕೆಂದರೆ ರಿಜಿಸ್ಟರ್ ಆದ ಮರುಗಳಿಗೆಯೇ ನೆಟ್‌ವರ್ಕ್ ಮ್ಯಾನೇಜರ್ ಬಂದು ಬಾಗಿಲು ತಟ್ಟುತ್ತದೆ.

ಅನ್‌ರಿಜಿಸ್ಟರ್ ಕಾಯುತ್ತದೆ ಅಂದೆನಲ್ಲ, ಅದೇ ಕೆಲವು ಸಲ ಮುಗಿಯದ ಕಾಯುವಿಕೆ ಆಗುತ್ತದೆ. ಯಾರೋ ನೆಟ್‌ಡಿವೈಸ್ ಹಿಡಿದುಕೊಂಡು ಬಿಡೋದು ಮರೆತಿದ್ದಾರೆ ಅಂದರೆ, ಇಂಥ ಇಂಟರ್ಫೇಸ್ ಬಿಡುಗಡೆಯಾಗೋಕೆ ಕಾಯುತ್ತಿದ್ದೇನೆ, ಯೂಸೇಜ್ ಕೌಂಟ್ ಇಷ್ಟು ಅಂತ ಕರ್ನಲ್ ಸುಮಾರು 10 ಸೆಕೆಂಡಿಗೊಮ್ಮೆ ಲಾಗ್‌ನಲ್ಲಿ ಗೋಗರೆಯುತ್ತದೆ. ಇದು ಕ್ರ್ಯಾಶ್ ಅಲ್ಲ. ಆದರೆ ಹೊಸ ಡಾಂಗಲ್ ಹಾಕಿದರೂ ಕೆಲಸ ಮಾಡದಿರಬಹುದು, ರೀಬೂಟ್ ಕೂಡ ಸಿಕ್ಕಿಕೊಳ್ಳಬಹುದು. ಇಲ್ಲಿ ತಪ್ಪು ಡ್ರೈವರ್‌ನದೇ ಆಗಿರಬೇಕು ಅಂತಿಲ್ಲ, ನೆಟ್‌ವರ್ಕ್ ಭಾಗದ ಇನ್ಯಾವುದೋ ಮೂಲೆಯಲ್ಲೂ ಇರಬಹುದು.

2005ರಿಂದ 2024ರವರೆಗೆ ಇದ್ದ ಬಗ್

ಕ್ರಮ ಸರಿ ಇದ್ದರೂ ಸಾಲದ ಒಂದು ಪರಿಸ್ಥಿತಿ ಇದೆ. ಇದಕ್ಕೆ ಒಳ್ಳೇ ಉದಾಹರಣೆ ಲಿನಕ್ಸ್‌ನ ಯುಎಸ್‌ಬಿನೆಟ್. ಇದು ಎಷ್ಟೋ ಯುಎಸ್‌ಬಿ ನೆಟ್‌ವರ್ಕ್ ಡ್ರೈವರ್‌ಗಳಿಗೆ ತಳಪಾಯ. ಆಸಿಕ್ಸ್ ಚಿಪ್‌ನ ಡಾಂಗಲ್‌ಗಳು, ಫೋನ್ ಟೆಥರಿಂಗ್‌ಗೆ ಬಳಸುವ ಆರ್‌ಎನ್‌ಡಿಐಎಸ್ ಡ್ರೈವರ್, ಎಲ್ಲ ಇದರ ಮೇಲೇ ನಿಂತಿವೆ.

ಇದರಲ್ಲಿ ಒಂದು ವರ್ಕ್ ಇದೆ. ಆ ವರ್ಕ್ ಓಡಿದಾಗ ಯುಆರ್‌ಬಿ ಸಲ್ಲಿಸಬಹುದು. ಯುಆರ್‌ಬಿ ಮುಗಿದಾಗ ಅದರ ಹ್ಯಾಂಡ್ಲರ್ ಆ ವರ್ಕನ್ನು ಮತ್ತೆ ಕ್ಯೂಗೆ ಹಾಕಬಹುದು. ಗೊತ್ತಾಯಿತಾ ತೊಂದರೆ? ನೀವು ಮೊದಲು ವರ್ಕ್ ನಿಲ್ಲಿಸಿ, ಕಾದು, ನಿಂತಿತು ಅಂತ ಖಾತ್ರಿ ಮಾಡಿಕೊಂಡು ಯುಆರ್‌ಬಿ ಕಡೆ ತಿರುಗುತ್ತೀರಿ. ಅಷ್ಟರಲ್ಲಿ ಒಂದು ಯುಆರ್‌ಬಿ ಮುಗಿದು ವರ್ಕನ್ನು ಮತ್ತೆ ಎಬ್ಬಿಸಿರುತ್ತದೆ. ಸರಿ, ಮೊದಲು ಯುಆರ್‌ಬಿ ನಿಲ್ಲಿಸೋಣ ಅಂದರೆ, ವರ್ಕ್ ಹೊಸ ಯುಆರ್‌ಬಿ ಸಲ್ಲಿಸಿರುತ್ತದೆ. ಯಾವ ಕ್ರಮ ಹಿಡಿದರೂ ಒಂದು ಇನ್ನೊಂದನ್ನು ಬದುಕಿಸುತ್ತಾ ಹೋಗುತ್ತದೆ. ಕಾಯುವ ಫಂಕ್ಷನ್ ಬಳಸಿದರೂ ಪ್ರಯೋಜನವಿಲ್ಲ, ಯಾಕೆಂದರೆ ಅದು ಈಗ ಓಡುತ್ತಿರೋದನ್ನು ನಿಲ್ಲಿಸುತ್ತದೆಯೇ ಹೊರತು ಮುಂದೆ ಯಾರಾದರೂ ಮತ್ತೆ ಎಬ್ಬಿಸದ ಹಾಗೆ ತಡೆಯಲ್ಲ.

ಇದನ್ನು ಸರಿಪಡಿಸುವ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಬಂದದ್ದು 2024ರಲ್ಲಿ. ಈ ದೋಷ ಡ್ರೈವರ್‌ನಷ್ಟೇ ಹಳೆಯದು ಅಂತ ಪ್ಯಾಚ್‌ನ ವಿವರಣೆಯಲ್ಲೇ ಬರೆದಿದ್ದಾರೆ. ಬಗ್ ಎಲ್ಲಿಂದ ಬಂತು ಅಂತ ಸೂಚಿಸುವ ಸಾಲು ತೋರಿಸೋದು 2005ರ 2.6.12 ಕರ್ನಲನ್ನು, ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಲಿನಕ್ಸ್ ಇತಿಹಾಸ ಶುರುವಾಗೋದೇ ಅಲ್ಲಿಂದ. ಪರಿಹಾರ ಮಾತ್ರ ಸರಳ. ಡಿವೈಸ್ ಹೊರಟಿದೆ ಅನ್ನೋ ಒಂದು ಫ್ಲ್ಯಾಗ್. ವರ್ಕ್ ಕ್ಯೂಗೆ ಹಾಕುವ ಮೊದಲು ಅದನ್ನು ನೋಡು, ಯುಆರ್‌ಬಿ ಸಲ್ಲಿಸುವ ಮೊದಲು ನೋಡು, ಟೈಮರ್ ಇಡುವ ಮೊದಲು ನೋಡು. ಫ್ಲ್ಯಾಗ್ ಇದ್ದರೆ ಸುಮ್ನೆ ವಾಪಸ್ ಬಾ. ಚಕ್ರ ಅಲ್ಲಿಗೆ ಮುರಿಯಿತು, ಆಮೇಲೆ ಒಂದೊಂದಾಗಿ ಕಾದು ನಿಲ್ಲಿಸಬಹುದು.

'ಇದೂ ಒಂದು ಚೆಕ್ ತಾನೇ, ನಲ್ ಚೆಕ್‌ಗೂ ಇದಕ್ಕೂ ಏನು ವ್ಯತ್ಯಾಸ' ಅಂತ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ವ್ಯತ್ಯಾಸ ಏನೆಂದರೆ, ಇಲ್ಲಿ ಫ್ಲ್ಯಾಗ್ ನೋಡಿ ದಾಟಿಹೋದವನಿಗೂ ಇನ್ನೂ ಮೆಮೊರಿ ಇದೆ. ಫ್ಲ್ಯಾಗ್ ಹಾಕಿದ ಮೇಲೆ ನಾವು ಎಲ್ಲರಿಗೂ ಕಾಯುತ್ತೇವೆ, ಕಾದ ಮೇಲೇ ಫ್ರೀ ಮಾಡೋದು. ಫ್ಲ್ಯಾಗ್ ಚಕ್ರ ಮುರಿಯುತ್ತದೆ, ಕಾಯೋದು ಮೆಮೊರಿ ಕಾಪಾಡುತ್ತದೆ. ಎರಡರಲ್ಲಿ ಒಂದು ಬಿಟ್ಟರೂ ಕೆಲಸ ಕೆಟ್ಟಿತು.

ಇದೇ ತಲೆನೋವಿಗೆ ಕರ್ನಲ್‌ನವರು ಈಚೆಗೆ ಸಲಕರಣೆಗಳನ್ನೂ ಕೊಟ್ಟಿದ್ದಾರೆ. 2023ರಲ್ಲಿ ಬಂದ 6.2 ಕರ್ನಲ್‌ನಿಂದ ಟೈಮರ್ ಶಟ್‌ಡೌನ್ ಸಿಂಕ್ ಅನ್ನೋ ಫಂಕ್ಷನ್ ಇದೆ, ಅದನ್ನು ಕರೆದ ಮೇಲೆ ಆ ಟೈಮರನ್ನು ಯಾರು ಮತ್ತೆ ಇಡೋಕೆ ಹೋದರೂ ಏಳಲ್ಲ. ಯುಆರ್‌ಬಿಗೆ ಇಂಥದ್ದು ಇದಕ್ಕಿಂತ ಬಹಳ ಹಿಂದಿನಿಂದಲೇ ಇತ್ತು, ಪಾಯ್ಸನ್ ಅಂತಾರೆ. ಕಿಲ್ ಮಾಡಿದ ಯುಆರ್‌ಬಿಯನ್ನು ಆಮೇಲೆ ಮತ್ತೆ ಸಲ್ಲಿಸಬಹುದು. ಪಾಯ್ಸನ್ ಮಾಡಿದ್ದನ್ನು ನಾವಾಗಿ ವಿಷ ಇಳಿಸೋವರೆಗೂ ಸಲ್ಲಿಸೋಕೆ ಆಗಲ್ಲ.

ಜಾಸ್ತಿ ಕಾದರೂ ತೊಂದರೆ

ಕಾಯಿರಿ ಕಾಯಿರಿ ಅಂತ ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನೆಲ್ಲ ಕಾಪಾಡುವ ಒಂದು ದೊಡ್ಡ ಲಾಕ್ ಇದೆ, ಆರ್‌ಟಿಎನ್‌ಎಲ್ ಅಂತ. ಡ್ರೈವರ್‌ನ ಸ್ಟಾಪ್ ಫಂಕ್ಷನ್ ಕರೆಯುವಾಗ ಕರ್ನಲ್ ಈ ಲಾಕ್ ಹಿಡಿದುಕೊಂಡೇ ಕರೆಯುತ್ತದೆ. ಈಗ ಸ್ಟಾಪ್ ಒಳಗೆ ನೀವು ಒಂದು ವರ್ಕ್ ಮುಗಿಯಲಿ ಅಂತ ಕಾಯುತ್ತೀರಿ, ಆ ವರ್ಕ್ ಮೊದಲ ಸಾಲಿನಲ್ಲೇ ಆರ್‌ಟಿಎನ್‌ಎಲ್ ಸಿಗಲಿ ಅಂತ ಕಾಯುತ್ತಿದೆ ಅಂದುಕೊಳ್ಳಿ. ನೀವು ಅದಕ್ಕೆ ಕಾಯುತ್ತೀರಿ, ಅದು ನಿಮಗೆ ಕಾಯುತ್ತದೆ. ಯಾರೂ ಬಿಡಲ್ಲ. ಡೆಡ್‌ಲಾಕ್. ಕ್ರ್ಯಾಶ್ ಸಂದೇಶ ಕೂಡ ಬರಲ್ಲ, ಐಪಿ ಕಮಾಂಡ್ ಕೊಟ್ಟರೆ ಅದೂ ನೇತಾಡುತ್ತದೆ, ಅಷ್ಟೇ. ಇಂಥ ಕಡೆ ಸ್ಟಾಪ್‌ನಲ್ಲಿ ಕಾಯೋದು ಬಿಟ್ಟು, ಲಾಕ್ ಇಲ್ಲದ ಜಾಗಕ್ಕೆ, ಅಂದರೆ ಡಿಸ್ಕನೆಕ್ಟ್‌ನಲ್ಲಿ ಅನ್‌ರಿಜಿಸ್ಟರ್ ಆದ ಮೇಲಕ್ಕೆ, ಆ ಕಾಯೋದನ್ನು ಸರಿಸಬೇಕು. ಲಾಕ್‌ಗಳ ಕ್ರಮ ಪರೀಕ್ಷಿಸುವ ಲಾಕ್‌ಡೆಪ್ ಆನ್ ಮಾಡಿ ಟೆಸ್ಟ್ ಮಾಡಿದರೆ ನಿಜವಾಗಿ ಸಿಕ್ಕಿಕೊಳ್ಳುವ ಮೊದಲೇ ಅದು ಎಚ್ಚರಿಸುತ್ತದೆ. 2006ರಿಂದ ಕರ್ನಲ್‌ನಲ್ಲಿದೆ, ಆದರೂ ಆನ್ ಮಾಡದೇ ಡ್ರೈವರ್ ಬರೆಯುವವರು ಇದ್ದಾರೆ.

ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳದ್ದು ಬೇರೆ ರಗಳೆ. ಥಂಡರ್‌ಬೋಲ್ಟ್ ಡಾಕ್ (ಒಂದೇ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಹಲವು ಪೋರ್ಟ್ ಕೊಡುವ ಪೆಟ್ಟಿಗೆ) ಕಿತ್ತಾಗ ಒಳಗಿನ ನೆಟ್‌ವರ್ಕ್ ಕಾರ್ಡ್ ಮಾಯವಾಗುತ್ತದಲ್ಲ, ಆಗ ಅದರ ರಿಜಿಸ್ಟರ್ ಓದಿದರೆ ಎರರ್ ಬರಲ್ಲ, ಸಾಮಾನ್ಯವಾಗಿ 32 ಬಿಟ್ಟೂ 1 ಆಗಿ ಬರುತ್ತದೆ. ಡ್ರೈವರ್ 'ಬ್ಯುಸಿ ಬಿಟ್ 0 ಆಗೋವರೆಗೂ ಸುತ್ತುತ್ತಿರು' ಅಂತ ಲೂಪ್ ಬರೆದಿದ್ದರೆ ಆ ಬಿಟ್ ಯಾವತ್ತೂ 0 ಆಗಲ್ಲ. ಕೋರ್ ಅಲ್ಲೇ ಸುತ್ತುತ್ತಾ ಕೂರುತ್ತದೆ. ಅದಕ್ಕೇ ಇಂಥ ಪ್ರತಿ ಲೂಪಿಗೂ ಒಂದು ಮಿತಿ ಇರಬೇಕು, ಎಲ್ಲ 1 ಬಂದರೆ ಕಾರ್ಡ್ ಇದೆಯಾ ಅಂತ ಒಮ್ಮೆ ವಿಚಾರಿಸಬೇಕು.

ಇನ್ನೊಂದು ಮೋಸ ಡೆವ್‌ಎಂ ಫಂಕ್ಷನ್‌ಗಳದ್ದು. ಇವು ತೆಗೆದುಕೊಂಡ ಮೆಮೊರಿ, ಇಂಟರಪ್ಟ್ ಎಲ್ಲವನ್ನೂ ಡ್ರೈವರ್ ಬಿಟ್ಟುಹೋದಾಗ ತಾವೇ ವಾಪಸ್ ಮಾಡುತ್ತವೆ, ಅನುಕೂಲ. ಆದರೆ ಯಾವಾಗ ಮಾಡುತ್ತವೆ? ರಿಮೂವ್ ಫಂಕ್ಷನ್ (ಪಿಸಿಐ ಡ್ರೈವರ್‌ಗಳಲ್ಲಿ ಡಿಸ್ಕನೆಕ್ಟ್‌ನ ಕೆಲಸ ಮಾಡೋದು) ಪೂರ್ತಿ ಮುಗಿದ ಮೇಲೆ. ಇಂಟರಪ್ಟನ್ನು ಡೆವ್‌ಎಂ ಮೂಲಕ ತೆಗೆದುಕೊಂಡು, ರಿಮೂವ್ ಒಳಗೆ ಕೈಯಾರೆ ಫ್ರೀ ನೆಟ್‌ಡೆವ್ ಮಾಡಿದರೆ, ನೆಟ್‌ಡಿವೈಸ್ ಹೋದ ಮೇಲೂ ಸ್ವಲ್ಪ ಹೊತ್ತು ಇಂಟರಪ್ಟ್ ಹ್ಯಾಂಡ್ಲರ್ ಜೀವಂತ ಇರುತ್ತದೆ. ಆ ಹೊತ್ತಲ್ಲಿ ಒಂದು ಇಂಟರಪ್ಟ್ ಬಂತೋ, ಮುಗೀತು. ಎರಡನ್ನೂ ಡೆವ್‌ಎಂಗೆ ಕೊಡಿ, ಇಲ್ಲ ಎರಡನ್ನೂ ಕೈಯಲ್ಲಿ ಮಾಡಿ. ಬೆರೆಸಬೇಡಿ.

ಕ್ರ್ಯಾಶ್ ಓದೋದು, ಕ್ರ್ಯಾಶ್ ಮಾಡಿಸೋದು

ಕ್ರ್ಯಾಶ್ ಆದಾಗ ಕರ್ನಲ್ ಕೊಡುವ ಊಪ್ಸ್ ಸಂದೇಶ ನೋಡಿದರೆ ಹೆದರಿಕೆ ಆಗುತ್ತದೆ, ಆದರೆ ಅದರಲ್ಲಿ ಸುಳಿವು ಬೇಕಾದಷ್ಟಿವೆ. ಮೆಮೊರಿ ಡೀಬಗ್ಗಿಂಗ್ ಆನ್ ಇದ್ದಾಗ ಅಡ್ರೆಸ್ ಜಾಗದಲ್ಲಿ 6ಬಿ 6ಬಿ 6ಬಿ 6ಬಿ ಅಂತ ಸಾಲಾಗಿ ಕಂಡರೆ ಫ್ರೀ ಆದ ಮೆಮೊರಿಯನ್ನು ಮುಟ್ಟಿದ್ದೀರಿ ಅಂತ ಅರ್ಥ, ಫ್ರೀ ಮಾಡುವಾಗ ಕರ್ನಲ್ ಆ ಬೈಟ್ ತುಂಬಿಸಿಡುತ್ತದೆ. ಅಡ್ರೆಸ್ 0 ಅಥವಾ ಅದರ ಹತ್ತಿರದ ಸಣ್ಣ ಸಂಖ್ಯೆ ಆಗಿದ್ದರೆ ನಲ್ ಪಾಯಿಂಟರ್ ಒಳಗಿನ ಯಾವುದೋ ಫೀಲ್ಡ್. ಹೆಕ್ಸ್‌ನಲ್ಲಿ 'ಡೆಡ್' ಅಂತ ಶುರುವಾಗಿ 100 ಅಂತ ಮುಗಿಯುವ ಅಡ್ರೆಸ್ ಇದ್ದರೆ, ಪಟ್ಟಿಯಿಂದ ಆಗಲೇ ತೆಗೆದ ವಸ್ತುವನ್ನು ಮತ್ತೆ ಪಟ್ಟಿಯಲ್ಲಿ ಹುಡುಕಿದ್ದೀರಿ.

ಎಲ್ಲಕ್ಕಿಂತ ಒಳ್ಳೇ ಸಹಾಯಕ ಕೆಎಸಾನ್, ಕರ್ನಲ್‌ನ ಮೆಮೊರಿ ತಪ್ಪು ಹಿಡಿಯುವ ಸಲಕರಣೆ. 2015ರ 4.0 ಕರ್ನಲ್‌ನಿಂದ ಇದೆ. ಪ್ರತಿ 8 ಬೈಟ್ ಮೆಮೊರಿಗೆ 1 ಬೈಟ್ ಲೆಕ್ಕ ಇಟ್ಟುಕೊಂಡು, ಯಾರಾದರೂ ಫ್ರೀ ಆದದ್ದನ್ನು ಮುಟ್ಟಿದ ತಕ್ಷಣ ಮೂರು ವಿವರ ಕೊಡುತ್ತದೆ: ಮುಟ್ಟಿದವರು ಯಾರು, ಮೆಮೊರಿ ತೆಗೆದುಕೊಂಡವರು ಯಾರು, ಫ್ರೀ ಮಾಡಿದವರು ಯಾರು. ಕೊನೆಯದು ಸಿಕ್ಕರೆ ಪತ್ತೆದಾರಿಕೆ ಬಹುಮಟ್ಟಿಗೆ ಮುಗಿಯಿತು. ಸಿಸ್ಟಂ ಚೆನ್ನಾಗಿಯೇ ನಿಧಾನವಾಗುತ್ತದೆ, ಅದಕ್ಕೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಹಾಕಬೇಡಿ, ಟೆಸ್ಟ್ ಮಾಡೋ ಕಡೆ ಮಾತ್ರ. ತಾನಾಗಿ ಬಗ್ ಹುಡುಕುವ ಗೂಗಲ್‌ನ ಸಿಜ್‌ಬಾಟ್ ಕೂಡ ಇದನ್ನೇ ಬಳಸಿ, ಸುಳ್ಳು ಯುಎಸ್‌ಬಿ ಡಿವೈಸ್‌ಗಳನ್ನು ಸಾಫ್ಟ್‌ವೇರ್‌ನಲ್ಲೇ ಹುಟ್ಟಿಸಿ, ಕಿತ್ತು, ಇಂಥ ಬಗ್‌ಗಳನ್ನು ರಾಶಿ ರಾಶಿ ಹೊರಗೆ ಹಾಕಿದೆ.

ಲಾಗ್ ಹಿಡಿಯೋಕೆ ಕೆಲವರು ನೆಟ್‌ವರ್ಕ್ ಮೂಲಕ ಲಾಗ್ ಕಳಿಸುವ ನೆಟ್‌ಕನ್ಸೋಲ್ ಹಾಕಿಕೊಳ್ಳುತ್ತಾರೆ, ಕಿತ್ತುಹಾಕಲಿರುವ ಅದೇ ಡಾಂಗಲ್ ಮೇಲೆ. ನಗಬೇಡಿ, ನೋಡಿದ್ದೇನೆ. ಸೀರಿಯಲ್ ಕೇಬಲ್‌ನಲ್ಲಿ ಲಾಗ್ ಕಳಿಸುವ ಸೀರಿಯಲ್ ಕನ್ಸೋಲ್ ಇದ್ದರೆ ಒಳ್ಳೇದು. ಇಲ್ಲದಿದ್ದರೆ ರೀಬೂಟ್ ಆದ ಮೇಲೂ ಉಳಿಯುವ ಪಿಸ್ಟೋರ್ ಬಳಸಿ. ಏನೂ ಇಲ್ಲ ಅಂದರೆ ಪರದೆಯ ಫೋಟೋ.

ಬಗ್ ಬೇಕೆಂದಾಗ ಬರೋ ಹಾಗೆ ಮಾಡೋದು ಅರ್ಧ ಕೆಲಸ. ಲೈನ್ ಖಾಲಿ ಇರುವಾಗ ಕಿತ್ತರೆ ಏನೂ ಆಗಲ್ಲ. ಐಪರ್ಫ್ ಅನ್ನೋ ಪ್ರೋಗ್ರಾಂ ಹಾಕಿ ಎರಡೂ ದಿಕ್ಕಿನಲ್ಲಿ ಟ್ರಾಫಿಕ್ ತುಂಬಿಸಿ, ಪಕ್ಕದಲ್ಲಿ ಒಂದು ಲೂಪ್‌ನಲ್ಲಿ ಈಥ್‌ಟೂಲ್ ಓಡಿಸುತ್ತಾ, ಇನ್ನೊಂದರಲ್ಲಿ ಇಂಟರ್ಫೇಸ್ ಅಪ್ ಡೌನ್ ಮಾಡುತ್ತಾ, ಆಗ ಕೀಳಬೇಕು. ಪ್ರತಿ ಸಲ ಕೈಯಲ್ಲಿ ಕೀಳಬೇಕಿಲ್ಲ, ಕರ್ನಲ್ ತನ್ನ ಡಿವೈಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಅನ್‌ಬೈಂಡ್ ಫೈಲಿಗೆ ಬರೆದರೆ ಡ್ರೈವರ್ ಬಿಚ್ಚಿಕೊಳ್ಳುತ್ತದೆ, ಬೈಂಡ್‌ಗೆ ಬರೆದರೆ ಮತ್ತೆ ಕೂರುತ್ತದೆ, ಸ್ಕ್ರಿಪ್ಟ್ ಬರೆದು ರಾತ್ರಿಯಿಡೀ ಓಡಿಸಬಹುದು. ಆದರೆ ಅನ್‌ಬೈಂಡ್ ಮಾಡಿದಾಗ ಡಾಂಗಲ್ ಇನ್ನೂ ಅಲ್ಲೇ ಇರುತ್ತದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಕಿತ್ತಾಗ ಬರುವ ಮೈನಸ್ 71, ಆ ಕಾಲು ಸೆಕೆಂಡಿನ ಕತ್ತಲೆ, ಫೇಲ್ ಆದ ರಿಜಿಸ್ಟರ್ ಓದು, ಇವು ಯಾವುದೂ ಅಲ್ಲಿ ಬರಲ್ಲ. ಹಾಗಾಗಿ ಅನ್‌ಬೈಂಡ್‌ನಲ್ಲಿ ಪಾಸ್ ಆಯಿತು ಅಂತ ಪ್ಯಾಚ್ ಕಳಿಸಬೇಡಿ. ಪೋರ್ಟ್ ಪೋರ್ಟಿಗೂ ಪವರ್ ಆಫ್ ಮಾಡೋಕೆ ಬರುವ ಹಬ್ ಸಿಕ್ಕರೆ ಯುಎಚ್‌ಯುಬಿಸಿಟಿಎಲ್ ಅನ್ನೋ ಪ್ರೋಗ್ರಾಂನಿಂದ ಅದನ್ನೂ ಸ್ಕ್ರಿಪ್ಟ್‌ನಲ್ಲೇ ಮಾಡಬಹುದು, ಇದು ನಿಜವಾಗಿ ಕಿತ್ತದ್ದಕ್ಕೆ ಬಹಳ ಹತ್ತಿರ.

ಡ್ರೈವರ್ ಬರೆಯದವರು, ಬರೀ ಅಂಗಡಿ ನಡೆಸುವವರು ಮಾಡಬೇಕಾದದ್ದು ಕಡಿಮೆ. ಕರ್ನಲ್ ಅಪ್‌ಡೇಟ್ ಮಾಡಿಕೊಳ್ಳಿ, ಯುಎಸ್‌ಬಿನೆಟ್‌ನ ಆ ಪ್ಯಾಚ್ ಥರದ್ದು ನಿಮ್ಮ ಕೈಗೆ ಬರೋದು ಆ ದಾರಿಯಲ್ಲೇ. ಡಾಂಗಲ್ ಜೊತೆ ಸಿಡಿಯಲ್ಲೋ ವೆಬ್‌ಸೈಟಲ್ಲೋ ಕೊಡುವ ಡ್ರೈವರ್ ಬೇಡ, ಕರ್ನಲ್‌ನಲ್ಲೇ ಇರುವ ಡ್ರೈವರ್ ಸಾಕಾದರೆ ಅದನ್ನೇ ಬಳಸಿ, ಅದನ್ನು ನೋಡುವ ಕಣ್ಣುಗಳು ಜಾಸ್ತಿ. ಫೋನ್ ಕೀಳುವ ಮೊದಲು ಫೋನಿನಲ್ಲೇ ಟೆಥರಿಂಗ್ ಆಫ್ ಮಾಡಿದರೂ ಕಂಪ್ಯೂಟರ್‌ಗೆ ಅದು ಕಿತ್ತ ಹಾಗೇ, ಅದರಿಂದ ಲಾಭ ಇಲ್ಲ. ಕಂಪ್ಯೂಟರ್ ಕಡೆಯಿಂದ ಮೊದಲು ಆ ಕನೆಕ್ಷನ್ ಡಿಸ್ಕನೆಕ್ಟ್ ಕೊಟ್ಟು, ಟ್ರಾಫಿಕ್ ನಿಂತ ಮೇಲೆ ಕೀಳಿ. ಡಾಂಗಲ್‌ಗೆ ಒಂದು ಗೇಣು ಎಕ್ಸ್‌ಟೆನ್ಷನ್ ವೈರ್ ಹಾಕಿ, ಟೇಬಲ್ ಕೆಳಗೆ ಕ್ಲಿಪ್ ಹೊಡೆದುಬಿಡಿ.